ರತ್ನಪುರದ ಇಂದ್ರನೀಲ

ಕೊಲಂಬೊ ನಗರದಿಂದ ಆಗ್ನೇಯಕ್ಕೆ ಸುಮಾರು 100 ಕಿಲೋಮೀಟರು ಸಾಗಿದರೆ ರತ್ನಪುರ. ಒಂದೆಡೆ ಕಲು ಗಂಗಾ ನದಿ. ಇನ್ನೊಂದೆಡೆ ಶ್ರೀಪಾದ ಶಿಖರದತ್ತ ಏರುವ ಕಾಡುಬೆಟ್ಟಗಳು. ನಡುವಿನ ಗದ್ದೆಗಳನ್ನು ಕಂಡ ಕನ್ನಡ ಪ್ರವಾಸಿಗನಿಗೆ ಮಲೆನಾಡು ನೆನಪಾದರೆ ಅಚ್ಚರಿಯಿಲ್ಲ. ಆದರೆ ಈ ಗದ್ದೆಗಳು ಅನ್ನವನ್ನಷ್ಟೇ ಕೊಡುವುದಿಲ್ಲ. ಇವುಗಳ ಒಡಲಲ್ಲಿ ಇಂದ್ರನೀಲವಿದೆ.

ಇಂದ್ರನೀಲವು ಕುರುಂದವೆಂಬ ಖನಿಜದ ಒಂದು ರೂಪ. ಅಲ್ಯೂಮಿನಿಯಂ ಹಾಗೂ ಆಮ್ಲಜನಕಗಳ ಈ ಸಂಯುಕ್ತವು ಶುದ್ಧವಾಗಿದ್ದರೆ ಅದಕ್ಕೆ ಬಣ್ಣವೇ ಇಲ್ಲ. ಕಬ್ಬಿಣ ಮತ್ತು ಟೈಟಾನಿಯಂಗಳ ಲೇಶಾಂಶ ಬೆರೆತಾಗ ನವಿಲಿನ ಕೊರಳಿನಂಥ ನೀಲಿ ಮೂಡುತ್ತದೆ. ಕಾಠಿಣ್ಯದಲ್ಲಿ ವಜ್ರಕ್ಕೆ 10 ಅಂಕವಾದರೆ ಇದಕ್ಕೆ 9. ಬೆಟ್ಟದ ಬಂಡೆ ಸವೆದು ಮಣ್ಣಾದರೂ ಹರಳು ಸವೆಯದೆ, ಹೊಳೆಯೊಡನೆ ಉರುಳಿ ಬಂದು, ತನ್ನ ತೂಕದಿಂದ ಜಲ್ಲಿಯಲ್ಲಿ ತಂಗಿತು. ಆ ಜಲ್ಲಿಯ ಪದರಕ್ಕೆ ಸಿಂಹಳ ಭಾಷೆಯಲ್ಲಿ ‘ಇಲ್ಲಂ’ ಎಂದು ಹೆಸರು.

ಗದ್ದೆಯಲ್ಲಿ ಬಾವಿಯಂತೆ ಗುಂಡಿ ತೋಡಿ, ಮರದ ಕಂಬಗಳಿಂದಲೂ ಜರೀಗಿಡದ ಸೊಪ್ಪಿನಿಂದಲೂ ಗೋಡೆಯನ್ನು ಬಿಗಿದು, ಒಸರುವ ನೀರನ್ನು ಹೊರಚೆಲ್ಲುತ್ತ ಇಲ್ಲಮಿನ ತನಕ ಇಳಿಯುತ್ತಾರೆ. ಜಲ್ಲಿಯನ್ನು ಮೇಲೆ ತಂದು ಬುಟ್ಟಿಯಲ್ಲಿ ತಿರುಗಿಸಿ ತೊಳೆದಾಗ ಭಾರದ ಕಲ್ಲುಗಳು ತಳದಲ್ಲಿ ಉಳಿಯುತ್ತವೆ. ಗುಂಡಿಗಿಳಿಯುವವರಿಗೆ ಅನೇಕ ಕಡೆ ನಿಶ್ಚಿತ ಕೂಲಿಯಿಲ್ಲ. ಊಟ, ಮತ್ತು ಹರಳು ದೊರೆತರೆ ಅದರಲ್ಲೊಂದು ಪಾಲು. ನೆಲದ ಒಡೆಯನಿಗೂ ಪರವಾನಗಿ ಪಡೆದವನಿಗೂ ಪಂಪಿನ ಮಾಲೀಕನಿಗೂ ಪಾಲುಂಟು. ಹರಳು ದೊರೆಯದಿದ್ದರೆ ತಿಂಗಳುಗಳ ದುಡಿಮೆ ಮಣ್ಣುಪಾಲು.

ದೊರೆತುದರ ಬೆಲೆಯನ್ನರಿಯುವುದೂ ಸುಲಭವಲ್ಲ. ‘ಗೆವುಡ’ ಎಂಬ ಹಾಲುಮಬ್ಬಿನ ಕಲ್ಲನ್ನು ಇಲ್ಲಿಯವರು ಬಹುಕಾಲ ಅಲಕ್ಷಿಸಿದ್ದರು. 1970ರ ದಶಕದಲ್ಲಿ ಥಾಯ್ಲೆಂಡಿನ ವರ್ತಕರು ಅದನ್ನು ಅಗ್ಗಕ್ಕೆ ಕೊಂಡೊಯ್ದು, 1500 ಡಿಗ್ರಿ ಸೆಲ್ಸಿಯಸ್ಸನ್ನೂ ಮೀರಿದ ಶಾಖದಲ್ಲಿ ಕಾಯಿಸಿದರು. ಮಬ್ಬಿಗೆ ಕಾರಣವಾಗಿದ್ದ ಸೂಕ್ಷ್ಮ ಎಳೆಗಳು ಕರಗಿ, ಅವುಗಳಲ್ಲಿದ್ದ ಟೈಟಾನಿಯಂ ಹರಳಿನೊಳಗೆ ಬೆರೆತು, ಕಲ್ಲು ನೀಲವಾಯಿತು. ರತ್ನಪುರವು ಈ ಗುಟ್ಟನ್ನು ತಿಳಿಯುವ ವೇಳೆಗೆ ಎಷ್ಟೋ ಸಂಪತ್ತು ಕಡಲು ದಾಟಿತ್ತು. ಈಗ ಶ್ರೀಲಂಕೆಯಲ್ಲಿಯೂ ಕುಲುಮೆಗಳಿವೆ. ಆದರೂ ಬೆಂಕಿ ಕಾಣದೆಯೇ ಬೆಳಗುವ ಉತ್ತಮ ಹರಳಿಗೆ ಬೆಲೆ ಹೆಚ್ಚು.

ನ್ಯೂಯಾರ್ಕಿನ ಪ್ರಾಕೃತಿಕ ಇತಿಹಾಸ ಸಂಗ್ರಹಾಲಯದಲ್ಲಿ 563 ಕ್ಯಾರಟ್ಟಿನ ನಕ್ಷತ್ರನೀಲವೊಂದಿದೆ. ಅದರ ಹೆಸರು ‘ಸ್ಟಾರ್ ಆಫ್ ಇಂಡಿಯಾ’. ಹುಟ್ಟಿದ್ದು ಮಾತ್ರ ಶ್ರೀಲಂಕೆಯಲ್ಲಿ. ಅಗೆದವನ ಹೆಸರಿರಲಿ, ಅಗೆದ ನಾಡಿನ ಹೆಸರೂ ಅದರೊಡನೆ ಹೋಗಲಿಲ್ಲ.

ನೀಲವು ಶನಿಯ ರತ್ನ, ಎಲ್ಲರಿಗೂ ಆಗಿಬರುವುದಿಲ್ಲವೆಂಬ ನಂಬಿಕೆ ನಮ್ಮ ಮನೆಗಳಲ್ಲುಂಟು. ರತ್ನಪುರದ ಕೆಸರುಗುಂಡಿಯಲ್ಲಿ ನಿಂತವನು ಈ ಮಾತನ್ನು ಕೇಳಿದರೆ, ಬೇರೊಂದು ಅರ್ಥದಲ್ಲಿ ಹೌದೆಂದಾನು.