ಕೂಗು ನಿಂತ ಮೇಲೆ

ಮುಂಬಯಿಯ ಫೋರ್ಟಿನ ಹೋಟೆಲುಗಳಲ್ಲಿ ದುಡಿಯುತ್ತಿದ್ದ ಕರಾವಳಿಯ ನಮಗೆ ದಲಾಲ್ ಸ್ಟ್ರೀಟಿನ ಶೇರುಪೇಟೆ ಎಂದರೆ ಗದ್ದಲ. ಒಳಗಿನ ‘ರಿಂಗ್’ನಲ್ಲಿ ದಲ್ಲಾಳಿಗಳು ಮೈಗೆ ಮೈ ತಾಗಿಸಿ ನಿಂತು ಬೆಲೆ ಕೂಗುತ್ತಿದ್ದರು. ಸೌದಾ ಕುದುರಿದರೆ ತಂತಮ್ಮ ಚೀಟಿ ಪುಸ್ತಕದಲ್ಲಿ ಗೀಚಿಕೊಳ್ಳುತ್ತಿದ್ದರು. ಆಡಿದ ಮಾತೇ ಕರಾರು.

ಹಾಗೆಂದು ಆ ಕಾಲವೇ ಚೆನ್ನಾಗಿತ್ತು ಎನ್ನಲಾರೆವು. ಆ ನಂಬಿಕೆ ದಲ್ಲಾಳಿಗಳ ನಡುವಿನದು. ಸಂಬಳ ಕೂಡಿಟ್ಟು ನಾಲ್ಕು ಶೇರು ಕೊಂಡ ನಮ್ಮಂಥವರಿಗೆ ಒಳಗೆ ಯಾವ ಬೆಲೆಗೆ ಸೌದಾ ಆಯಿತೆಂದು ತಿಳಿಯುವ ದಾರಿ ಇರಲಿಲ್ಲ. ದಲ್ಲಾಳಿ ಹೇಳಿದ್ದೇ ದರ. 1994ರ ನವೆಂಬರಿನಲ್ಲಿ ರಾಷ್ಟ್ರೀಯ ಶೇರು ವಿನಿಮಯ ಕೇಂದ್ರ ಕಂಪ್ಯೂಟರ್ ಪರದೆಯ ಮೇಲೆ ಶೇರು ವಹಿವಾಟು ಆರಂಭಿಸಿತು. 1995ರಲ್ಲಿ ದಲಾಲ್ ಸ್ಟ್ರೀಟೂ ಅದೇ ದಾರಿ ಹಿಡಿಯಿತು. ಕೂಗು ನಿಂತಿತು, ದರ ಎಲ್ಲರಿಗೂ ಕಾಣಿಸಿತು.

ಈಗ ಆ ಪರದೆ ಊರಿನಲ್ಲಿರುವ ನಮ್ಮ ಮಕ್ಕಳ ಜೇಬಿನಲ್ಲಿದೆ. 2021-22ರಿಂದ 2023-24ರವರೆಗೆ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವಹಿವಾಟಿಗಿಳಿದ ಬಿಡಿ ವ್ಯಕ್ತಿಗಳಲ್ಲಿ ನೂರಕ್ಕೆ 93 ಮಂದಿ ನಷ್ಟ ಅನುಭವಿಸಿದರೆಂದು ಸೆಬಿ 2024ರಲ್ಲಿ ಹೇಳಿತು. ರಿಂಗ್‌ನಲ್ಲಿ ಸೋತವನ ಮುಖವನ್ನು ಪಕ್ಕದವನಾದರೂ ನೋಡುತ್ತಿದ್ದ. ಕೋಣೆಯ ಬಾಗಿಲು ಹಾಕಿಕೊಂಡು ಸೋಲುವ ಹುಡುಗನನ್ನು ಮನೆಯವರೂ ಕಾಣರು. ದರ ಬಯಲಾಯಿತು, ನಷ್ಟ ಮರೆಗೆ ಸರಿಯಿತು. ಅದನ್ನು ಕೇಳಿ ತಿಳಿಯುವ ಕೆಲಸ ಯಂತ್ರದ್ದಲ್ಲ, ಹಿರಿಯರಾದ ನಮ್ಮದು.