ಅಗಿಯದ ಆರು ವಾರ

ಮಾರ್ಚ್ 18, 2024, ಸೋಮವಾರ
ಇವತ್ತಿನಿಂದ ಮಗನಿಗೆ ಡಬ್ಬಿಯ ಪುಡಿ ಕಲಸಿದ ಪೇಯ, ನೀರು, ಅಷ್ಟೇ. ಆರು ವಾರ ಅನ್ನವಿಲ್ಲ, ಗಂಜಿಯಿಲ್ಲ, ಎಳನೀರೂ ಇಲ್ಲ. ಸಣ್ಣ ಕರುಳಿನ ಕೊನೆಯಲ್ಲಿ ಹುಣ್ಣು. ಕ್ಷಯವೂ ಅದೇ ಜಾಗ ಹಿಡಿಯುವುದರಿಂದ, ಬಯಾಪ್ಸಿ ಮಾಡಿಸಿ ಅದಲ್ಲವೆಂದು ನೋಡಿಕೊಂಡೇ ಡಾಕ್ಟರು ಕ್ರೋನ್ಸ್, ಅಂದರೆ ಕರುಳಿನ ದೀರ್ಘಕಾಲದ ಉರಿಯೂತ, ಅಂದದ್ದು. ಮಕ್ಕಳ ಕ್ರೋನ್ಸ್‌ಗೆ ಈ ಪೇಯ ಸ್ಟೀರಾಯ್ಡಿನಷ್ಟೇ ಕೆಲಸ ಮಾಡುತ್ತದಂತೆ, ಬೆಳವಣಿಗೆಗೂ ಪೆಟ್ಟಿಲ್ಲ. ಹದಿಮೂರಾದರೂ ತಂಗಿಯಷ್ಟೇ ಎತ್ತರ ಇರುವವನಿಗೆ ಅದೇ ಮುಖ್ಯ. ತಣ್ಣಗೆ ಮಾಡಿ, ಮುಚ್ಚಳದ ಲೋಟಕ್ಕೆ ಸ್ಟ್ರಾ ಸಿಕ್ಕಿಸಿ ಕೊಟ್ಟೆ. ವಾಸನೆ ಮೂಗಿಗೆ ಬಡಿಯದಿದ್ದರೆ ಒಳಗೆ ಇಳಿಯುತ್ತದೆ.

ಮಾರ್ಚ್ 24, ಭಾನುವಾರ
ಹೆಚ್ಚುಕಡಿಮೆ ದಿನಕ್ಕೊಂದು ಡಬ್ಬಿ ಖಾಲಿ. ಒಗ್ಗರಣೆ ಹೊತ್ತಿಗೆ ಅವನನ್ನು ಮಹಡಿಗೆ ಅಟ್ಟುತ್ತೇನೆ. ‘ಒಂದು ತುತ್ತು ಮೊಸರನ್ನ ತಿಂದ್ರೆ ಏನಾಗತ್ತೆ?’ ಅತ್ತೆಯ ಪ್ರಶ್ನೆ. ಅರ್ಧ ಪೇಯ, ಅರ್ಧ ಮಾಮೂಲಿ ಊಟ ಅಂದರೆ ಪೂರ್ತಿ ಪೇಯದ ಫಲ ಸಿಗುವುದಿಲ್ಲವೆಂದು ಡಯಟೀಷಿಯನ್ ಖಡಾಖಂಡಿತವಾಗಿ ಹೇಳಿದ್ದಾರೆ. ಒಂದು ತುತ್ತು ಅಲ್ಲಿಗೇ ನಿಲ್ಲುತ್ತದೆಯೇ?

ಏಪ್ರಿಲ್ 9, ಯುಗಾದಿ
ಹೋಳಿಗೆಗೆ ಈ ವರ್ಷ ರಜೆ. ‘ಬೆಲ್ಲ ಹೋದ್ರೆ ಹೋಯ್ತು, ಬೇವೂ ತಪ್ತಲ್ಲ’ ಅಂದ ಮಗರಾಯ. ಹೊಟ್ಟೆನೋವು ನಿಂತಿದೆ. ಹಾಗಾದರೆ ಸಾಕು ಅಂತ ಎಲ್ಲರ ಸಲಹೆ. ನೋವು ಹೋಗುವುದು ಬೇರೆ, ಕರುಳಿನ ಉರಿಯೂತ ಇಳಿಯುವುದು ಬೇರೆ. ಉರಿಯೂತದ ಅಳತೆಯಾದ ಮಲದ ಕ್ಯಾಲ್‌ಪ್ರೊಟೆಕ್ಟಿನ್ ನೋಡದೆ ಏನೂ ಬದಲಿಸಬಾರದು.

ಏಪ್ರಿಲ್ 30, ಮಂಗಳವಾರ
ಸಾವಿರದ ಮೇಲಿದ್ದ ಕ್ಯಾಲ್‌ಪ್ರೊಟೆಕ್ಟಿನ್ 180ಕ್ಕೆ ಇಳಿದಿದೆ! ಮಧ್ಯಾಹ್ನ ಮೆತ್ತಗಿನ ಅನ್ನ, ಹೆಸರುಬೇಳೆ ಕಟ್ಟು. ಪೇಯ ನಿಧಾನವಾಗಿ ಕಡಿಮೆ. ಹೊಸ ಪದಾರ್ಥ ಒಂದೊಂದೇ, ನಡುವೆ ಕೆಲವು ದಿನ ಬಿಟ್ಟು. ಫ್ರೀಜರಿನ ಐಸ್‌ಕ್ರೀಂ ಡಬ್ಬ ತಿರುಗಿಸಿದೆ: 466, 433, ಎಣ್ಣೆ-ನೀರು ಬೆರೆತಿರುವಂತೆ ಮಾಡುವ ಎಮಲ್ಸಿಫೈಯರ್‌ಗಳು. 2015ರಲ್ಲಿ ಇಲಿಗಳ ಮೇಲೆ ನಡೆದ ಪ್ರಯೋಗದಲ್ಲಿ ಕರುಳಿನ ಲೋಳೆಪದರವನ್ನು ಕೆಡಿಸಿದ್ದು ಇವೇ ಎರಡು. ಮನುಷ್ಯರ ವಿಷಯ ಅಷ್ಟು ಸಲೀಸಾಗಿಲ್ಲ. ಕ್ರೋನ್ಸ್‌ಗೆ ಕೊಡುವ ಕೆಲವು ಪುಡಿಗಳಲ್ಲೂ ಇಂಥವು ಇರುತ್ತವೆ. ಆದರೂ ಐಸ್‌ಕ್ರೀಂ ಪಕ್ಕದ ಮನೆಗೆ ಹೋಯಿತು.

ಮೇ 12, ಭಾನುವಾರ
‘ಊಟದಲ್ಲೇ ವಾಸಿ ಆಯ್ತಲ್ಲ, ಇನ್ನು ಮಾತ್ರೆ ಯಾಕೆ?’ ಎಂದು ಅದೇ ಪಕ್ಕದ ಮನೆಯವರು. ವಾಸಿಯಾಗಿಲ್ಲ, ಹತೋಟಿಗೆ ಬಂದಿದೆ. ಅದು ಹತೋಟಿಯಲ್ಲೇ ಇರಲಿ ಅಂತಲೇ ಅಜಥಿಯೋಪ್ರಿನ್. ಬಿಳಿ ರಕ್ತಕಣ ಇಳಿಯಬಹುದಾದ್ದರಿಂದ ನಾಳೆ ಮತ್ತೆ ರಕ್ತಪರೀಕ್ಷೆ. ಮಗನಿಗೆ ನುಗ್ಗೆಕಾಯಿ ಹುಳಿ ಬೇಕಂತೆ. ಕರುಳು ಕಿರಿದಾದ ಕಡೆ ನಾರು ಸಿಕ್ಕಿಕೊಂಡರೆ ಕಷ್ಟ. ಸ್ಕ್ಯಾನ್ ತೋರಿಸಿ ಕೇಳಬೇಕು. ಅಲ್ಲಿಯವರೆಗೆ ಸಿಪ್ಪೆ, ಬೀಜ ತೆಗೆದ ಕುಂಬಳಕಾಯಿ.