ಅಕ್ಕನ ಕೊರಳು

ಎರಡು ಬಾರಿ ಮೂತ್ರಪಿಂಡದಲ್ಲಿ ಕಲ್ಲು, ಆಮೇಲೆ ಮೂಳೆನೋವು. ವಯಸ್ಸಿನ ಕಾಣಿಕೆಯೆಂದು ಅಕ್ಕ ನಕ್ಕು ಸುಮ್ಮನಿದ್ದಳು. ರಕ್ತದಲ್ಲಿ ಕ್ಯಾಲ್ಸಿಯಂ ಹೆಚ್ಚೆಂದು ತಿಳಿದ ಮೇಲೆ ಕಳ್ಳನ ಸುಳಿವು ಸಿಕ್ಕಿತು. ಥೈರಾಯ್ಡಿನ ಹಿಂದೆ ಅಕ್ಕಿಕಾಳಿನಷ್ಟಿರುವ ನಾಲ್ಕು ಪ್ಯಾರಾಥೈರಾಯ್ಡ್ ಗ್ರಂಥಿಗಳಿವೆಯಷ್ಟೆ. ಅವುಗಳಲ್ಲೊಂದು ಊದಿಕೊಂಡು, ಮೂಳೆಯ ಸುಣ್ಣಾಂಶವನ್ನು ರಕ್ತಕ್ಕೆ ಸೆಳೆಯುತ್ತಿತ್ತು.

“ಕೊರಳು ಕೊಯ್ಯುತ್ತಾರೇನೋ?” ಎಂದಳು. ಐವತ್ತು ವರ್ಷ ದೇವರನಾಮ ಹಾಡಿದ ಕೊರಳದು. ದನಿಯ ನರ ಆ ಗ್ರಂಥಿಗಳ ಮಗ್ಗುಲಲ್ಲೇ ಹಾದುಹೋಗುತ್ತದೆ.

ಅಮೆರಿಕದ ನಾವಿಕ ಚಾರ್ಲ್ಸ್ ಮಾರ್ಟೆಲ್ಲನ ಕಥೆಯನ್ನು ನಾನು ಓದಿದ್ದೆ. ಆರು ಶಸ್ತ್ರಚಿಕಿತ್ಸೆಗಳಲ್ಲಿ ಸಿಗದಿದ್ದ ಗಂಟು, 1932ರಲ್ಲಿ ಏಳನೆಯ ಸಲ ಅವನ ಎದೆಗೂಡಿನೊಳಗೆ ಸಿಕ್ಕಿತು. ಕೆಲವೇ ವಾರಗಳಲ್ಲಿ ಆತ ತೀರಿಕೊಂಡ. ಎಲ್ಲಿ ಹುಡುಕಬೇಕೆಂದು ತೋರಿಸುವ ನಕ್ಷೆ ಅಂದಿನ ವೈದ್ಯರಲ್ಲಿರಲಿಲ್ಲ. ಇದನ್ನು ಅಕ್ಕನಿಗೆ ಹೇಳಲು ನನಗೆ ಬಾಯಿ ಬರಲಿಲ್ಲ.

ಅಕ್ಕನಿಗೆ ಆ ನಕ್ಷೆ ದೊರೆಯಿತು. ಸೆಸ್ಟಾಮಿಬಿ ಎಂಬ, ಅಲ್ಪ ವಿಕಿರಣ ಸೂಸುವ ಔಷಧವನ್ನು ಚುಚ್ಚಿ ಚಿತ್ರ ತೆಗೆದರು. ಎರಡು ಗಂಟೆಗಳಲ್ಲಿ ಥೈರಾಯ್ಡ್ ಮಸುಕಾಯಿತು. ಊದಿದ ಗ್ರಂಥಿ ಮಾತ್ರ ಔಷಧವನ್ನು ಬಿಡದೆ ಎಡಗಡೆ ಚುಕ್ಕೆಯಾಗಿ ಉಳಿಯಿತು. ಅಲ್ಟ್ರಾಸೌಂಡ್ ಪರೀಕ್ಷೆಯೂ ಅದೇ ಜಾಗವನ್ನು ತೋರಿತು. ಎರಡು ಸಾಕ್ಷಿಗಳ ಮಾತು ಒಂದೇ ಆದುದರಿಂದ, ಕೊರಳನ್ನು ಒಂದಂಗುಲವಷ್ಟೇ ಸೀಳಿದರು. ಗಂಟು ತೆಗೆದ ಹತ್ತು ನಿಮಿಷಕ್ಕೆ ರಕ್ತದಲ್ಲಿ ಅದರ ಹಾರ್ಮೋನು ಅರ್ಧಕ್ಕಿಂತ ಕೆಳಗಿಳಿಯಿತು, ಇನ್ನು ಹುಡುಕಬೇಕಾಗಿಲ್ಲವೆಂದರು.

ಮರುದಿನ ಬೆಳಗ್ಗೆ ಅಕ್ಕ ಮೆಲ್ಲನೆ ಗುನುಗಿದಳು. ಶ್ರುತಿ ಕೊಂಚ ತಗ್ಗಿತ್ತು, ರಾಗ ಕೆಟ್ಟಿರಲಿಲ್ಲ.